ಬಾಂಡಿಗೆ ತಡೆ, ಮಗ್ಗಕ್ಕೂ ತಡೆ

2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ಅಂದು ನಾನು ರಾಯಚೂರಿನಿಂದ ಹೊರಡುವ ಕನ್ನಡ ಪತ್ರಿಕೆಯೊಂದಕ್ಕೆ ಹನ್ನೆರಡು ಸಾಲಿನ ಸುದ್ದಿ ಕಳಿಸಿದೆ. ಮಕ್ತಲದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಈ ಕಡೆಯ ಸುದ್ದಿಯನ್ನು ಆ ಕಡೆಗೆ ಬರೆದು ಕಳಿಸುವುದು ನನ್ನ ಕೆಲಸ. ತೆಲಂಗಾಣ ಬೇರೆ ರಾಜ್ಯವಾದಾಗಲೂ ಅಲ್ಲಿಂದಲೇ ಬರೆದಿದ್ದೆ.

ಜಿಲ್ಲೆಯಾದ ಮೇಲೆ ನಾರಾಯಣಪೇಟೆಗೆ ಕಚೇರಿಗಳು ಬಂದವು, ಸಾಹೇಬರ ಕಾರುಗಳು ಬಂದವು. ಕೆಲವು ವರ್ಷಕ್ಕೆ ನಮ್ಮ ಹಳೆಯ ಮನೆ ಇರುವ ಓಣಿಯ ಎರಡೂ ಬದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬಿತ್ತು. ರಸ್ತೆ ಅಗಲವಾಗಬೇಕಿತ್ತು. ಜಾಗ ಬಿಟ್ಟುಕೊಟ್ಟವರಿಗೆ ಪುರಸಭೆ ರೊಕ್ಕ ಕೊಡುವುದಿಲ್ಲ, ಬಾಂಡ್ ಕೊಡುತ್ತದೆ ಎಂದರು. ಬಾಂಡ್ ಎಂದರೆ ಒಂದು ಕಾಗದ. ನೀವು ರಸ್ತೆಗೆ ಬಿಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಅಷ್ಟು ಹೆಚ್ಚು ಕಟ್ಟಿಕೊಳ್ಳಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಕಟ್ಟುವ ಶಕ್ತಿ ಇಲ್ಲದವರು ಮಹಡಿ ಮೇಲೆ ಮಹಡಿ ಎತ್ತುವವರಿಗೆ ಅದನ್ನು ಮಾರಬಹುದು. ಇದನ್ನು ಓದುಗರಿಗೆ ತಿಳಿಯುವಂತೆ ಬರೆಯಲು ನನಗೆ ಎರಡು ದಿನ ಹಿಡಿಯಿತು. ಓಣಿಯಲ್ಲಿ ಯಾರೂ ಅಂಥ ಕಾಗದವನ್ನು ಕಣ್ಣಿಂದ ಕಂಡಿರಲಿಲ್ಲ.

ಮನೆ ಐದು ಅಂಕಣದ್ದು. ನಮ್ಮಲ್ಲಿ ಹಳೆಯ ಮನೆಯನ್ನು ಅಡಿಯಲ್ಲಿ ಹೇಳುವುದಿಲ್ಲ; ಒಂದು ಸಾಲು ಕಂಬದಿಂದ ಮುಂದಿನ ಸಾಲಿಗೆ ಇರುವಷ್ಟು ಜಾಗ ಒಂದು ಅಂಕಣ. ನನ್ನ ಅಪ್ಪ ಜೂರಾಲ ಆಣೆಕಟ್ಟು ಕಟ್ಟುವ ಕಾಲಕ್ಕೆ ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ, ನಿವೃತ್ತನಾದ ಮೇಲೂ ಗದ್ವಾಲದಲ್ಲೇ ಉಳಿದ. ಅವನ ತಮ್ಮ, ನನ್ನ ಚಿಕ್ಕಪ್ಪ, ಮನೆತನದ ಮಗ್ಗ ಹಿಡಿದು ನಾರಾಯಣಪೇಟೆಯಲ್ಲೇ ಉಳಿದ. ಇಬ್ಬರೂ ಬೇರೆಯಾದಾಗ ಪಾಲು ಮಠದಲ್ಲಾಯಿತು. ನಾವು ಹಣೆಗೆ ಈಬತ್ತಿ, ಅಂದರೆ ವಿಭೂತಿ, ಹಚ್ಚುವವರು. ಮಠದ ಅಯ್ಯನವರ ಮುಂದೆ ಇಬ್ಬರೂ ಈಬತ್ತಿ ಮುಟ್ಟಿ ಮಾತು ಕೊಟ್ಟರು: ಮುಂದಿನ ಎರಡು ಅಂಕಣ ತಮ್ಮನಿಗೆ, ಹಿಂದಿನ ಮೂರು ಅಣ್ಣನಿಗೆ. ಮಗ್ಗಕ್ಕೆ ಬೆಳಕು ಬೇಕು, ನೂಲಿನವರು ಬಾಗಿಲಿಗೆ ಬರಬೇಕು, ಅದಕ್ಕೆ ಮುಂದಿನದು ತಮ್ಮನಿಗೆ. ಅಪ್ಪನ ಒಡಹುಟ್ಟಿದ ಇಬ್ಬರು ಅತ್ತೆಯರು ಪಾಲು ಕೇಳದೆ ಉಡಿ ತುಂಬಿಸಿಕೊಂಡು ತಮ್ಮ ತಮ್ಮ ಊರಿಗೆ ಹೋದರು.

ಕಾಗದ ಮಾಡಲಿಲ್ಲ. ಮಠದಲ್ಲಿ ಆದ ಪಾಲನ್ನು ಬರೆಸಿಕೊಳ್ಳುವುದೆಂದರೆ ಒಡಹುಟ್ಟಿದವನ ಮಾತನ್ನು ನಂಬಲಿಲ್ಲ ಎಂದು ಊರಿಗೆ ಸಾರಿದಂತೆ. ಕೋರ್ಟು ಕಚೇರಿಯಲ್ಲಿ ಅದರ ಮಾತೆತ್ತುವುದು ಇನ್ನೂ ಕೆಟ್ಟದ್ದು. ಇಲಾಖೆಯಲ್ಲಿ ಮೂವತ್ತು ವರ್ಷ ಫೈಲು ಕಟ್ಟಿದ ಅಪ್ಪನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಯ ತೆರಿಗೆ ಮಾತ್ರ ಮೊದಲಿನಂತೆ ಅವನ ಹೆಸರಿನಲ್ಲೇ ಇತ್ತು.

ಚಿಕ್ಕಪ್ಪ ತೀರಿದ. ಮಕ್ಕಳಿರಲಿಲ್ಲ. ಚಿಕ್ಕವ್ವ ಮಗ್ಗ ಬಿಡಲಿಲ್ಲ. ಅದು ಕುಣಿಮಗ್ಗ. ನೆಲದಲ್ಲಿ ಸೊಂಟದುದ್ದ ತಗ್ಗು ತೋಡಿ, ಅದರೊಳಗೆ ಕಾಲಿಳಿಬಿಟ್ಟು ನೆಲದ ಅಂಚಿಗೆ ಕೂತು ನೇಯುವುದು. ಮರದ ಸಾಮಾನನ್ನು ಎತ್ತಿಕೊಂಡು ಹೋಗಬಹುದು, ತಗ್ಗನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ. ಬಾಡಿಗೆಗೆ ಮನೆ ಕೊಡುವವರು ನೆಲ ತೋಡಲು ಬಿಡುವುದಿಲ್ಲ. ಆಕೆಗೆ ಬೇಕಾದದ್ದು ಕಡೆಯವರೆಗೂ ಒಂದೇ: ಆ ತಗ್ಗಿಗೆ ಒಂದಿಷ್ಟು ನೆಲ.

ಇನ್ನೊಂದು ಸಂಗತಿ ಇಲ್ಲೇ ಹೇಳಬೇಕು. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೊಡನೆ ನೇರ ಮಾತಾಡುವುದಿಲ್ಲ. ಅವನು ಪಡಸಾಲೆಯಲ್ಲಿದ್ದರೆ ಈಕೆ ಬಾಗಿಲ ಮರೆಗೆ ನಿಂತು ಮೂರನೆಯವರಿಗೆ ಹೇಳುತ್ತಾಳೆ. ಅವನೂ ಮೂರನೆಯವರಿಗೇ ಉತ್ತರ ಕೊಡುತ್ತಾನೆ. ಚಿಕ್ಕಪ್ಪ ಹೋದ ಮೇಲೆ ಆ ಮೂರನೆಯವಳು ನನ್ನ ಅವ್ವ ಆಗಿದ್ದಳು. ಗುರುತು ಬೀಳುವ ಹಿಂದಿನ ವರ್ಷ ಅವ್ವನೂ ತೀರಿಕೊಂಡಳು.

ರಸ್ತೆಯವರು ಬಂದಾಗ ಓಣಿಯವರೆಲ್ಲ ಒಪ್ಪಿಗೆ ಪತ್ರ ಕೊಟ್ಟರು. ನಮ್ಮ ಮನೆಯದಕ್ಕೆ ಅಪ್ಪ ಗದ್ವಾಲದಿಂದ ಬಂದು ರುಜು ಹಾಕಿದ. ಚಿಕ್ಕವ್ವ ಒಳಗಿನಿಂದ ಏನೂ ಅನ್ನಲಿಲ್ಲ. ಎಲ್ಲರಿಗೂ ಆದದ್ದು ತನಗೂ ಆಯಿತು, ಕಾಗದ ಬಂದ ಮೇಲೆ ನೋಡಿದರಾಯಿತು ಅಂದುಕೊಂಡಿರಬೇಕು. ಮುಂದಿನ ಅಂಕಣ ಪೂರ್ತಿ ಹೋಯಿತು, ಎರಡನೆಯದರಲ್ಲಿ ಅರ್ಧ ಹೋಗಿ ಮಗ್ಗ ಹಿಡಿಯದಷ್ಟು ಜಾಗ ಉಳಿಯಿತು. ಮಗ್ಗದ ತಗ್ಗಿಗೆ ಮಣ್ಣು ತುಂಬಿ ಮೇಲೆ ಜಲ್ಲಿ ಹಾಕಿದರು. ಮಗ್ಗದ ಮರವನ್ನು ಬಿಚ್ಚಿ ಅಪ್ಪನ ಪಾಲಿನ ಮೊದಲನೆಯದಾದ ಮೂರನೇ ಅಂಕಣದಲ್ಲಿ ಗೋಡೆಗೆ ಒರಗಿಸಿದರು. ಅಪ್ಪ ಆ ಭಾಗದ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, "ಆಕಿಗೆ ಹಿಂದ ಇರಾಕ ಹೇಳು" ಅಂದ. ಚಿಕ್ಕವ್ವ ಅಲ್ಲಿಯೇ ಇದ್ದಳು. ನಾನು ಹೇಳಿದೆ.

ಬಾಂಡ್ ಪಡೆಯುವವರ ಪಟ್ಟಿಯನ್ನು ಪುರಸಭೆ ಹಲಗೆಗೆ ಅಂಟಿಸಿತು. ಈ ಓಣಿಯವರ ಬೀಗರೆಲ್ಲ ರಾಯಚೂರು ಕಡೆ ಇರುವುದರಿಂದ ಪಟ್ಟಿಯನ್ನು ಪೂರ್ತಿ ಕಳಿಸು ಎಂದು ಡೆಸ್ಕಿನವರು ಹೇಳಿದರು. ನಾನು ನಿಂತಲ್ಲೇ ನಕಲು ಮಾಡಿಕೊಂಡು, ಹೆಸರುಗಳನ್ನು ಎರಡು ಸಲ ಸರಿನೋಡಿ ಕಳಿಸಿದೆ. ನಮ್ಮ ಮನೆಯ ನಂಬರಿನ ಮುಂದೆ ಅಪ್ಪನ ಹೆಸರೊಂದೇ ಇತ್ತು. ತೆರಿಗೆ ಯಾರ ಹೆಸರಿನಲ್ಲಿದೆಯೋ ಅವರ ಹೆಸರು, ಅದು ನಿಯಮ.

ಚಿಕ್ಕವ್ವ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು. ತೆಲುಗು ನೀರು ಕುಡಿದಂತೆ ಮಾತಾಡುತ್ತಾಳೆ, ಓದುವುದು ಕನ್ನಡ ಮಾತ್ರ. ಪಟ್ಟಿ ಅಚ್ಚಾದ ಮರುದಿನ ಮೊದಲ ಬಸ್ಸಿಗೆ ಮಕ್ತಲಕ್ಕೆ ಬಂದು, ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ನೀನೇ ಬರದಿಯೇನಪ್ಪಾ?"

"ಪಟ್ಟಿ ಪುರಸಭೆದು ಚಿಕ್ಕವ್ವ. ನಾನು ನಕಲು ಮಾಡೀನಿ ಅಷ್ಟ."

"ನಕಲು ಚಂದ ಮಾಡೀದಿ. ಒಂದಕ್ಷರ ತಪ್ಪಿಲ್ಲ."

"ಕುಂದರು. ಚಾ ತರಿಸ್ತೀನಿ."

"ನಿಮ್ಮಪ್ಪನ ಹೆಸರು ಬರಿಯುವಾಗ ಕೈ ಹಗುರ ಓಡಿರಬೇಕು. ಕಲಿಸಿದ್ದು ಅವರೇ ಅಲ್ಲ?"

"ಪಟ್ಟಿಯೊಳಗ ಇನ್ನೊಂದು ಹೆಸರು ನಾನು ಸೇರಸಾಕ ಬರಂಗಿಲ್ಲ."

"ಸೇರಸಂತ ಯಾರಂದ್ರು? ಅಚ್ಚಾಗೂಕಿಂತ ಮೊದಲ ಒಂದು ಫೋನ್ ಮಾಡಾಕ ಬರತಿತ್ತು. ಪೇಪರ್ ಓದಿ ನನ್ನ ಮನಿ ಸುದ್ದಿ ತಿಳಕೊಬೇಕಾತು."

ಅಪ್ಪನನ್ನು ಕೇಳುತ್ತೇನೆ ಎಂದೆ. ಚಾ ಕುಡಿದು ಹೋದಳು. ಆ ವಾರ ಕೃಷ್ಣೆಗೆ ಮೇಲಿನಿಂದ ನೀರು ಬಿಟ್ಟಿದ್ದರು. ನಾನು ನಾಲ್ಕು ದಿನ ಜೂರಾಲದ ಗೇಟುಗಳ ಸುದ್ದಿಯಲ್ಲಿದ್ದೆ. ಅಲ್ಲಿಂದ ಗದ್ವಾಲ ದೂರವಿರಲಿಲ್ಲ. ಹೋಗಲಿಲ್ಲ.

ಮುಂದಿನ ವಾರ ಬೇರೆ ಪ್ರಕರಣವೊಂದರ ಸುದ್ದಿಗೆ ನಾರಾಯಣಪೇಟೆಯ ಕೋರ್ಟಿಗೆ ಹೋದಾಗ ಚಿಕ್ಕವ್ವ ವಕೀಲರೊಬ್ಬರ ಎದುರು ಬೆಂಚಿನ ಮೇಲೆ ಕೂತಿದ್ದಳು. ನಡುವೆ ಟೈಪಿಸ್ಟನ ಮೇಜು. ನನ್ನನ್ನು ನೋಡಿದಳು, ಕರೆಯಲಿಲ್ಲ. ವಕೀಲರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೇಳುತ್ತಿದ್ದರು.

"ಅಮ್ಮಾ, ನಿಮ್ಮ ಗಂಡ, ಭಾವ, ಇಬ್ಬರಿಗೂ ಪಂಪಕಾಲು ಆಗ್ಯಾವಾ? ಪಾಲು, ಪಾಲು?"

ಚಿಕ್ಕವ್ವ ಸೆರಗು ಸರಿಮಾಡಿಕೊಂಡಳು.

"ಇಲ್ರಿ."

"ಕಾಗದ ಇಲ್ವಾ, ಪಾಲೇ ಇಲ್ವಾ?"

"ಏನೂ ಇಲ್ರಿ. ಕೂಡೇ ಐತಿ."

"ಅದೇ ಮಂಚಿದಿ, ಒಳ್ಳೇದೇ ಆಯ್ತು. ಕೂಡು ಕುಟುಂಬ ಅಂದ್ರೆ ಸ್ಟೇ ಜಲ್ದಿ ಸಿಗ್ತದೆ."

ನನಗೂ ಅವರಿಗೂ ಹತ್ತಡಿ ಅಂತರ. ಆಕೆ ಹೇಳಿದ್ದು ನಿಜವಲ್ಲ ಎಂದು ನನಗೆ ಗೊತ್ತಿತ್ತು. ಏಕೆ ಹೇಳಿದಳು ಎಂಬುದೂ ಗೊತ್ತಿತ್ತು. ಮಠದ ಮಾತನ್ನು ಕೋರ್ಟಿನ ಬೆಂಚಿನ ಮೇಲೆ ಆಡಬಾರದು. ಪಾಲಾಗಿದೆ ಎಂದಿದ್ದರೆ ಮುಂದಿನ ಎರಡು ಅಂಕಣ ಆಕೆಯವು, ಬಾಂಡೂ ಆಕೆಯದು ಎಂದು ವಾದಿಸಬಹುದಿತ್ತು. ಕೂಡೇ ಇದೆ ಎಂದ ಕ್ಷಣ ಆಕೆಯ ಪಾಲು ಕರಗಿತು. ಐದೂ ಅಂಕಣ, ಬಾಂಡು, ಎಲ್ಲವೂ ಎಲ್ಲರದ್ದಾಯಿತು. ನಾನು ಎದುರಾಳಿಯ ಮಗ. ವಾದಿಯ ವಕೀಲರ ಮೇಜಿನಲ್ಲಿ ನನಗೆ ಮಾತಿಲ್ಲ. ವರದಿಗಾರನಿಗಂತೂ ಇಲ್ಲ. ನಾನು ಬಂದ ಪ್ರಕರಣದ ಕರೆ ಬಂತು, ಎದ್ದು ಒಳಗೆ ಹೋದೆ.

ಮಧ್ಯಂತರ ತಡೆಯಾಜ್ಞೆ ಬೇಗನೆ ಸಿಕ್ಕಿತು. ಪ್ರತಿ ಇಂಗ್ಲಿಷಿನಲ್ಲಿತ್ತು. ಚಿಕ್ಕವ್ವ ಅದನ್ನು ಮಡಚಿ ಬ್ಲೌಸಿನಲ್ಲಿ ಇಟ್ಟುಕೊಳ್ಳುವ ಚೀಟಿಯಂತೆ ಸಣ್ಣದಾಗಿ ಮಾಡಿ ಮಕ್ತಲಕ್ಕೆ ತಂದಿದ್ದಳು. ಓದಿ ಹೇಳು ಅಂದಳು. ಓದಿದೆ. ಮುಂದಿನ ಆದೇಶದವರೆಗೆ ಪುರಸಭೆ ಆ ಮನೆಯ ಬಾಂಡನ್ನು ಯಾರಿಗೂ ಕೊಡಕೂಡದು. ಉಳಿದ ಮನೆಯನ್ನು ಎರಡೂ ಕಡೆಯವರು ಇದ್ದ ಸ್ಥಿತಿಯಲ್ಲೇ ಇಡಬೇಕು.

"ಬಾಂಡ್ ನಿಂತಿತಲ್ಲ?"

"ನಿಂತತಿ. ಮನಿನೂ ಇದ್ದಂಗ ಇರಬೇಕಂತ ಐತಿ, ಅದನ್ನೂ ಕೇಳು."

"ಮನಿ ಎಲ್ಲಿ ಹೋಕ್ಕತಿ? ಅರ್ಧ ಹೋಗೇಬಿಟ್ಟತಿ."

ಕೋರ್ಟಿನ ಅಮೀನ ಗದ್ವಾಲಕ್ಕೆ ಸಮನ್ಸ್ ತಲುಪಿಸಿದ ದಿನ ಅಪ್ಪ ಫೋನ್ ಮಾಡಿ ಬಾ ಅಂದ. ಹೋದಾಗ ಕನ್ನಡಕ ಹಾಕಿಕೊಂಡು ದಾವೆಯ ಪ್ರತಿಯ ಒಂದೊಂದು ಪುಟದ ಮೂಲೆಗೆ ಪೆನ್ಸಿಲಿನಿಂದ ನಂಬರು ಹಾಕುತ್ತಿದ್ದ.

"ಕೂಡು ಕುಟುಂಬ ಅಂತ ಬರಸ್ಯಾಳ. ಹಂಗಾದ್ರ ನನ್ನ ತಮ್ಮ ಮಠಕ್ಕ ಬಂದು ಈಬತ್ತಿ ಮುಟ್ಟಿದ್ದು ಸುಳ್ಳೇನು?"

"ಮಠದ ಮಾತು ಕೋರ್ಟಿನಾಗ ಆಡಬಾರದಂತ ನೀನೇ ಹೇಳತಿದ್ದಿ."

"ಹೌದು. ಆಡಬಾರದು."

ಇನ್ನೊಂದು ಪುಟಕ್ಕೆ ನಂಬರು ಹಾಕಿದ.

"ಬಾಂಡ್ ಬಂದಿದ್ರ ಆಕಿ ಕೈಗೇ ಕೊಡತಿದ್ದೆ. ನನಗ್ಯಾಕ ಅದು? ನಾನೇನು ಮಹಡಿ ಕಟ್ಟಾಂವನೇನು?"

"ಅದನ್ನ ಮೊದಲ ಹೇಳಿದ್ರ ಆಕಿ ಕೋರ್ಟಿಗೆ ಹೋಗತಿದ್ದಿಲ್ಲ."

"ಯಾರ ಕೈಲೆ ಹೇಳಸಲಿ? ನಿಮ್ಮವ್ವ ಇಲ್ಲ. ನೀನು ಊರ ಮಂದಿ ಸುದ್ದಿ ತಿಳಿಸಾಂವ, ಮನಿಗೆ ಸಿಗಂಗಿಲ್ಲ."

ಊಟ ಮಾಡಿ ಹೊರಡುವಾಗ, "ಆಕಿಗೆ ಮೂರನೇ ಅಂಕಣದಾಗ ತಗ್ಗು ತೋಡಸಾಕ ಹೇಳು. ಗೌಂಡಿಯನ್ನ ನಾನೇ ಕಳಸ್ತೀನಿ" ಅಂದ. ಆ ನೆಲಕ್ಕೆ ತಾಂಡೂರು ಕಲ್ಲನ್ನು ಅವನೇ ನಿಂತು ಹಾಕಿಸಿದ್ದ.

ಗಾರೆ ಕೆಲಸದ ಗೌಂಡಿ ಹೋದ. ನಾನೂ ಹೋಗಿದ್ದೆ. ಮೂರನೇ ಅಂಕಣದಲ್ಲಿ ಬಾಗಿಲಿನ ಬೆಳಕು ಬೀಳುವ ಕಡೆ ಚಿಕ್ಕವ್ವ ಸುಣ್ಣದಿಂದ ಗೆರೆ ಎಳೆದು ಇಟ್ಟಿದ್ದಳು. ಗೌಂಡಿ ಎರಡು ಕಲ್ಲು ಎಬ್ಬಿಸಿ ಗೋಡೆಗೆ ಒರಗಿಸಿದ. ಕೆಳಗೆ ಕರಿಮಣ್ಣು ಹಸಿಯಾಗಿತ್ತು. ಪಕ್ಕದ ಮನೆಯವರದೂ ಇಂಥದೇ ಬಾಂಡಿನ ದಾವೆ ನಡೆದಿತ್ತು, ಅವರು ಗೋಡೆಯ ಮೇಲಿನಿಂದ ಇಣುಕಿ, "ಅಕ್ಕಾ, ಸ್ಟೇಟಸ್ ಕೋ ಐತಲ್ಲ, ಮನಿ ಇದ್ದಂಗ ಇರಬೇಕಂತ, ತೋಡಿದ್ರ ನಡೀತದೇನು?" ಅಂದರು.

ಚಿಕ್ಕವ್ವ ನನ್ನ ಮುಖ ನೋಡಿದಳು. ನಾನು ವಕೀಲರಿಗೆ ಫೋನ್ ಹಚ್ಚಿ ಆಕೆಯ ಕೈಗೆ ಕೊಟ್ಟೆ. ಅವರ ದನಿ ಹೊರಗೆಲ್ಲ ಕೇಳಿಸಿತು.

"ಅಮ್ಮಾ, ಆ ರಾಯಿ ಎಕ್ಕಡುಂದೋ ಅಕ್ಕಡೇ ಪೆಟ್ಟಂಡಿ."

ಕಲ್ಲು ಇದ್ದಲ್ಲೇ ಇಡಿರಿ ಎಂದು.

"ನನ್ನ ಕೇಸು, ನಾನೇ ತಂದ ಆರ್ಡರು. ನನಗೂ ಹತ್ತತೇನ್ರಿ ಅದು?"

"ಎರಡು ಕಡಿಗೂ ಹತ್ತತಮ್ಮಾ. ನಿಮಗೆ ಮೊದಲ ಹತ್ತತ."

ಗೌಂಡಿ ಕೇಳಿಸಿಕೊಂಡು ಬೀಡಿ ಆರಿಸಿದ. "ಎಬ್ಬಿಸಿದ್ದಕ್ಕ ಒಂದು ಕೂಲಿ, ಕೂಡಿಸಿದ್ದಕ್ಕ ಒಂದು ಕೂಲಿ. ನಿಮ್ಮ ಕೋರ್ಟ್ ನಮಗ ಚಲೋನ ಐತಿ" ಎಂದು ಎರಡೂ ಕಲ್ಲುಗಳನ್ನು ಮರಳಿ ಕೂಡಿಸಿದ. ಸುಣ್ಣದ ಗೆರೆಯನ್ನು ಚಿಕ್ಕವ್ವ ಒದ್ದೆ ಬಟ್ಟೆಯಿಂದ ಒರೆಸಿದಳು. ಅಂದಿನಿಂದ ಆಕೆ ಬೇರೆಯವರ ಮಗ್ಗಕ್ಕೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುವ ಕೆಲಸ ಹಿಡಿದಳು. ಮನೆಯಲ್ಲಿ ನೇಯುವವರಿದ್ದಾಗ ಮುದುಕಿಯರೂ ಹುಡುಗಿಯರೂ ಮಾಡುವ ಕೆಲಸ ಅದು.

ದಾವೆ ಬೆಳೆಯಿತು. ಕೂಡು ಕುಟುಂಬವೆಂದ ಮೇಲೆ ಹೆಣ್ಣುಮಕ್ಕಳೂ ಪಾಲುದಾರರು. ಇಬ್ಬರು ಅತ್ತೆಯರನ್ನೂ ಸೇರಿಸಿ ಎಂದು ಕೋರ್ಟು ಹೇಳಿತು. ಅಪ್ಪ ಮೊದಲನೇ ಪ್ರತಿವಾದಿ, ಪುರಸಭೆ ಎರಡನೆಯದು, ಕೆ.ಟಿ. ದೊಡ್ಡಿ ಕಡೆಯ ದೊಡ್ಡತ್ತೆ ಮೂರನೆಯವಳು, ಭಿವಂಡಿಯ ಪವರ್‌ಲೂಮಿಗೆ ಹೋದ ಗಂಡನ ಜೊತೆ ಹೋಗಿ ಅಲ್ಲೇ ನೆಲೆಸಿದ ಸಣ್ಣತ್ತೆ ನಾಲ್ಕನೆಯವಳು. ಸಣ್ಣತ್ತೆಗೆ ಕಳಿಸಿದ ನೋಟಿಸು ವಿಳಾಸದಲ್ಲಿಲ್ಲವೆಂದು ಮರಳಿ ಬಂತು. ಎರಡನೆಯದೂ ಬಂತು. ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ. ಇದ್ದ ನಂಬರು ಅವ್ವನ ಫೋನಿನಲ್ಲಿತ್ತು, ಆ ಫೋನನ್ನು ಅವ್ವ ಹೋದ ಮೇಲೆ ಅಪ್ಪ ಯಾರಿಗೋ ಕೊಟ್ಟಿದ್ದ.

ಪತ್ರಿಕೆಯಲ್ಲಿ ನಾನು ಈ ದಾವೆಯ ಬಗ್ಗೆ ಬರೆಯಲಿಲ್ಲ. ಡೆಸ್ಕಿಗೆ ಮೊದಲೇ ತಿಳಿಸಿದ್ದೆ. ಓಣಿಯ ಉಳಿದ ಬಾಂಡುಗಳ ಮೇಲಿನ ತಡೆಯಾಜ್ಞೆಗಳನ್ನು ಬರೆದೆ. ಒಂದು ಅಣ್ಣತಮ್ಮಂದಿರದು, ಒಂದು ಅಡವು ಇಟ್ಟುಕೊಂಡವನದು, ಒಂದು ಅಂಗಡಿಯ ಬಾಡಿಗೆದಾರನದು. ರಸ್ತೆಗೆ ಡಾಂಬರು ಬಿತ್ತು. ಕಾಗದ ಕೈಗೆ ಬಂದವರೂ ಇದ್ದರು, ಕೊಳ್ಳುವವರಿಗಾಗಿ ಕಾಯುತ್ತಿದ್ದರು.

ಒಂದು ಪೇಶಿ, ಅಂದರೆ ಕೋರ್ಟಿನ ವಿಚಾರಣೆಯ ದಿನ, ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಮಕ್ತಲದ ಹತ್ತಿರದ ಮಠಕ್ಕೆ ಹೋದೆ. ಪಾಲು ಮಾಡಿಸಿದ ಅಯ್ಯನವರಿಗೆ ಈಗ ಕಣ್ಣು ಮಂಜು. ದನಿಯಿಂದ ಅಪ್ಪನನ್ನು ಗುರುತಿಸಿದರು.

"ಮುಂದಿನವೆರಡು ತಮ್ಮಗ, ಹಿಂದಿನ ಮೂರು ನಿನಗ. ನನಗ ನೆನಪೈತಿ. ಬಿಸಿಲು ಭಾಳ ಇತ್ತು ಅವತ್ತು."

"ಅದನ್ನ ಕೋರ್ಟಿಗೆ ಬಂದು ಹೇಳತೀರೇನ್ರಿ ಅಯ್ಯನೋರೆ?" ಎಂದು ನಾನು ಕೇಳಿದೆ.

"ಇಲ್ಲಿ ಯಾರು ಬಂದು ಕೇಳಿದ್ರೂ ಹೇಳತೀನಪ್ಪಾ. ಕಟಕಟಿಗೆ ಹತ್ತಂಗಿಲ್ಲ. ನಮ್ಮ ಗುರುಗಳೂ ಹತ್ತಿಲ್ಲ."

"ಬರಕೊಡ್ರಿ ಹಂಗಾದ್ರ."

"ಅವತ್ತು ಬರಕೊಡ್ರಿ ಅಂದಿದ್ರ ನಿಮ್ಮಪ್ಪ ನನ್ನ ಕೂಡ ಜಗಳಕ್ಕ ಬರತಿದ್ದ."

ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಬಸ್ಸು ಜೂರಾಲ ದಾಟಿತು. ಆಮೇಲೆ, "ನಾನೇ ಹೇಳತೀನಿ. ಪಾಲಾಗೇತಂತ ನಾನೇ ಹೇಳತೀನಿ. ಬೈಯೋರು ಬೈಲಿ" ಅಂದ.

ಪ್ರಕರಣ ಲೋಕ ಅದಾಲತ್ತಿಗೆ ಬಂತು. ಒಂದು ಉದ್ದ ಮೇಜು, ಆ ಕಡೆ ನ್ಯಾಯಾಧೀಶರು, ಈ ಕಡೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಪ್ಪ, ದೊಡ್ಡತ್ತೆ, ಚಿಕ್ಕವ್ವ. ಚಿಕ್ಕವ್ವ ಕುರ್ಚಿಯನ್ನು ಅಪ್ಪನಿಗೆ ಅರ್ಧ ಬೆನ್ನಾಗುವಂತೆ ತಿರುಗಿಸಿಕೊಂಡು ಸೆರಗು ಹೊದ್ದು ಕೂತಳು. ಇಬ್ಬರೂ ಮಾತಾಡಿಕೊಳ್ಳಿ ಎಂದರು ನ್ಯಾಯಾಧೀಶರು.

"ಬಾವಾರಿಗೆ ಹೇಳ್ರಿ ಸಾಹೇಬ್ರ," ಚಿಕ್ಕವ್ವ ಅವರ ಕಡೆ ನೋಡಿ ಅಂದಳು, "ನನಗ ಬಾಂಡ್ ಬ್ಯಾಡ, ಮಗ್ಗಕ್ಕ ಜಾಗ ಆದ್ರ ಸಾಕಂತ."

"ಅವರು ಇಲ್ಲೇ ಇದ್ದಾರಲ್ಲಮ್ಮಾ, ನೀವೇ ಹೇಳಿ."

"ಅವರಿಗೆ ಕೇಳಸ್ತತ್ರಿ. ನೀವು ಹೇಳ್ರಿ."

ಅಪ್ಪನೂ ನ್ಯಾಯಾಧೀಶರ ಕಡೆಗೇ ಹೇಳಿದ. "ಆಕಿಗೆ ಹೇಳ್ರಿ ಸರ್. ಪಾಲು ಆಗೇತಿ. ಮಠದಾಗ ಆಗೇತಿ. ಮುಂದಿಂದು ನನ್ನ ತಮ್ಮಂದು. ಬಾಂಡೂ ಆಕಿದು, ಮೂರನೇ ಅಂಕಣನೂ ಆಕಿದು. ತೋಡಿಸಿಕೊಳ್ಳಲಿ."

ದೊಡ್ಡತ್ತೆ ನಕ್ಕಳು. "ಇಬ್ರೂ ನಡುವ ಜಡ್ಜ್ ಸಾಹೇಬ್ರನ್ನ ಅತ್ತಿಗಿ ಮಾಡ್ಯಾರ ನೋಡ್ರಿ." ಅತ್ತಿಗೆ ಎಂದರೆ ನನ್ನ ಅವ್ವ. ನ್ಯಾಯಾಧೀಶರಿಗೆ ಕನ್ನಡ ಪೂರ್ತಿ ತಿಳಿಯದು. ಗುಮಾಸ್ತರು ತೆಲುಗಿನಲ್ಲಿ ಹೇಳಿದ ಮೇಲೆ ಅವರೂ ನಕ್ಕರು.

ರಾಜಿ ಪತ್ರ ಟೈಪಾಯಿತು. ಚಿಕ್ಕವ್ವ ಕನ್ನಡದಲ್ಲಿ ರುಜು ಹಾಕಿದಳು, ಅಪ್ಪ ಇಂಗ್ಲಿಷಿನಲ್ಲಿ ಹಾಕಿದ, ದೊಡ್ಡತ್ತೆ ಹೆಬ್ಬೆಟ್ಟು ಒತ್ತಿದಳು. ಆದೇಶ ಬಂದಂತೆ ನಡೆಯುತ್ತೇವೆ ಎಂದು ಪುರಸಭೆಯ ವಕೀಲರು ಹೇಳಿದರು. ನಾಲ್ಕನೇ ಪ್ರತಿವಾದಿ ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು. ಭಿವಂಡಿಯಲ್ಲಿ ಇರಬೇಕು ಎಂದ ಅಪ್ಪ. ಆಕೆಯ ರುಜು ಇಲ್ಲದೆ ರಾಜಿ ದಾಖಲಿಸಲು ಬರುವುದಿಲ್ಲ ಎಂದು ಪತ್ರವನ್ನು ಫೈಲಿಗೆ ಸೇರಿಸಿ, ದಾವೆಯನ್ನು ಮರಳಿ ಕೋರ್ಟಿಗೆ ಕಳಿಸಿದರು.

ಅಲ್ಲಿಯವರೆಗಾದರೂ ಮಗ್ಗದ ತಗ್ಗೊಂದನ್ನು ತೋಡಲು ಅನುಮತಿ ಬೇಕೆಂದು ಚಿಕ್ಕವ್ವನ ವಕೀಲರು ಬೇರೆ ಅರ್ಜಿ ಹಾಕಿದರು. ಮೂರನೇ ಅಂಕಣ, ಬಾಗಿಲಿನಿಂದ ಇಷ್ಟು ಅಡಿ ಒಳಗೆ, ಇಷ್ಟು ಉದ್ದ, ಇಷ್ಟು ಆಳ ಎಂದು ಅಳತೆ ಬರೆಸಿದರು. ಅಳತೆ ಹಿಡಿಯಲು ಅಪ್ಪ ಗದ್ವಾಲದಿಂದ ತನ್ನ ಟೇಪು ತಂದಿದ್ದ. ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಚಿಕ್ಕವ್ವ ಹಿಡಿದಳು. ಅಂಕಿಯನ್ನು ಇಬ್ಬರೂ ನನಗೆ ಹೇಳಿದರು, ನಾನು ಬರೆದುಕೊಂಡೆ.

ಅರ್ಜಿಗೆ ಮೊದಲನೇ ಮತ್ತು ಮೂರನೇ ಪ್ರತಿವಾದಿಗಳ ಆಕ್ಷೇಪಣೆ ಇಲ್ಲವೆಂದು ದಾಖಲಾಗಿದೆ. ನಾಲ್ಕನೇ ಪ್ರತಿವಾದಿಗೆ ಪತ್ರಿಕಾ ಪ್ರಕಟಣೆಯ ಮೂಲಕ ನೋಟಿಸು ಕೊಡಲು ಕೋರ್ಟು ಆದೇಶಿಸಿದೆ. ಪ್ರಕಟಣೆ ಭಿವಂಡಿಯಲ್ಲಿ ಓದುವ ಮರಾಠಿ ಪತ್ರಿಕೆಯೊಂದರಲ್ಲಿ ಬಂದಿದೆ. ಅದರ ಪ್ರತಿಯನ್ನು ಕಳೆದ ಪೇಶಿಯಲ್ಲಿ ಹಾಜರುಪಡಿಸಲಾಯಿತು. ಅಂದು ನ್ಯಾಯಾಧೀಶರು ರಜೆಯಲ್ಲಿದ್ದರು, ತಗ್ಗಿನ ಅರ್ಜಿ ವಿಚಾರಣೆಗೆ ಬರಲಿಲ್ಲ. ತಡೆಯಾಜ್ಞೆಯನ್ನು ಮುಂದಿನ ಪೇಶಿಯವರೆಗೆ ಮುಂದುವರಿಸಲಾಗಿದೆ.